ಲೋಬಾನ ಹಾಕಿದ ಫಿಲೇಚರ್

ಅರ್ಜಿಯಲ್ಲಿ ನಾನು ತುಂಬದೆ ಬಿಟ್ಟದ್ದು ಒಂದೇ ಭಾಗ. 'ಈ ಯೋಜನೆಯ ಪ್ರಯೋಜನ ಪಡೆಯುವ ಒಬ್ಬರ ಕಥೆ, ಭಾವಚಿತ್ರದೊಂದಿಗೆ' ಎಂದು ಅದರ ಮೇಲೆ ಬರೆದಿತ್ತು. ಉಳಿದದ್ದನ್ನು ಬರೆಯಲು ಒಂದು ಇಡೀ ಮಳೆಗಾಲ ಹಿಡಿದಿತ್ತು.

ನಮ್ಮದು ಚಿಕ್ಕಬಳ್ಳಾಪುರದಲ್ಲಿರುವ ಒಂದು ಸಣ್ಣ ಸಂಸ್ಥೆ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಒಬ್ಬ ಡಾಕ್ಟರು, ಅವರ ಕಾಗದಪತ್ರ ನೋಡಿಕೊಳ್ಳುವ ನಾನು, ಅಷ್ಟೇ. ನಾವು ಕೇಳಿದ್ದೂ ದೊಡ್ಡದಲ್ಲ. ಶಿಡ್ಲಘಟ್ಟದಲ್ಲಿ ಗೂಡಿನಿಂದ ಎಳೆ ತೆಗೆಯುವ ಫಿಲೇಚರ್‌ಗಳ ನಡುವೆ ಒಂದು ಕೋಣೆ ಬೇಕು. ಅಲ್ಲಿ ವಾರಕ್ಕೊಂದು ದಿನ, ರೇಷ್ಮೆ ನೂಲು ತೆಗೆಯುವವರ ಉಸಿರು ಪರೀಕ್ಷಿಸಿ ಔಷಧಿ ಕೊಡಬೇಕು. ಹೊಗೆ ಹೊರಗೆ ಹೋಗಲು ಒಲೆಗಳಿಗೆ ಕೊಳವೆ ಹಾಕಿಸಬೇಕು. ಈಗ ಉಸಿರಿನ ಪರೀಕ್ಷೆಗೆ ಅವರು ಚಿಕ್ಕಬಳ್ಳಾಪುರಕ್ಕೆ ಬರಬೇಕು. ಬಂದರೆ ಆ ದಿನದ ಕೂಲಿ ಇಲ್ಲ. ಹಾಗಾಗಿ ಯಾರೂ ಬರುವುದಿಲ್ಲ.

ನಾನು ಹುಟ್ಟಿದ್ದು ಕೆಂಚಾರ್ಲಹಳ್ಳಿಯ ಕಡೆ. ನಮ್ಮ ಮನೆಯಲ್ಲಿ ಹುಳ ಸಾಕುತ್ತಿದ್ದರು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುವ ದಿನ ಮನೆಮಂದಿಯೆಲ್ಲ ಸುತ್ತ ಕೂರುತ್ತಿದ್ದೆವು. ಅಪ್ಪ ಅದನ್ನು ಚೀಲಕ್ಕೆ ತುಂಬಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತಿದ್ದರು. ನಮ್ಮ ಪಾಲಿಗೆ ರೇಷ್ಮೆ ಅಲ್ಲಿಗೆ ಮುಗಿಯುತ್ತಿತ್ತು. ಆ ಗೂಡನ್ನು ಬೇಯಿಸಿ ಎಳೆ ತೆಗೆಯುವ ಕೋಣೆಯೊಳಗೆ ನಾನು ಕಾಲಿಟ್ಟದ್ದು ತಲೆ ನರೆತ ಮೇಲೆ, ಡಾಕ್ಟರ ಜೊತೆಯಲ್ಲಿ. ಒಂದೇ ಬಾಗಿಲು. ಗಾಳಿ ಬಡಿದರೆ ಎಳೆ ಕಡಿಯುತ್ತದೆಂದು ಕಿಟಕಿಗೆ ಗೋಣಿ ಕಟ್ಟಿದ್ದರು. ಒಲೆಯ ಹೊಗೆ, ಬಿಸಿನೀರಿನ ಹಬೆ, ಬೆಂದ ಹುಳದ ವಾಸನೆ. ಆ ವಾಸನೆ ನನ್ನ ಸೀರೆಯಲ್ಲಿ ಊರಿನವರೆಗೂ ಬಂತು.

ಅಲ್ಲಿ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡ ಮೇಲೆ ಮೈದುನನ ಫಿಲೇಚರ್‌ನಲ್ಲೇ ಬಿಸಿನೀರಿನ ತೊಟ್ಟಿಯ ಮುಂದೆ ಕೂರುತ್ತಿದ್ದರು. ಡಾಕ್ಟರು ಉಸಿರಿನ ಬಲ ಅಳೆಯುವ ಕೊಳವೆ ಕೊಟ್ಟು ಊದಲು ಹೇಳಿದಾಗ ಅದರೊಳಗಿನ ಮುಳ್ಳು ಸ್ವಲ್ಪವೇ ಮೇಲೇರಿ ನಿಂತಿತು. "ಕೊಳವೇನೇ ಕೆಟ್ಟಿರ್ಬೇಕು ಬಿಡಿ ಡಾಕ್ಟ್ರೇ" ಎಂದು ನಕ್ಕರು. ನಗು ಕೆಮ್ಮಾಯಿತು. ಡಾಕ್ಟರು ಅವರಿಗೆ ಒಂದು ಇನ್‌ಹೇಲರ್ ಕೊಟ್ಟರು.

ಹೊರಡುವಾಗ ಆಪಾ ನನ್ನ ಹಿಂದೆಯೇ ಬಂದು ಅದನ್ನು ನನ್ನ ಬ್ಯಾಗಿನೊಳಗೆ ಹಾಕಿದರು.

"ಇದು ನಿಮ್ಮತ್ರಾನೇ ಇರ್ಲಿ ಮೇಡಂ. ನೀವು ಬಂದಾಗ ಎಳ್ಕೊತೀನಿ."

"ಅದು ಮನೇಲಿರ್ಬೇಕು ಆಪಾ. ನಾನು ಬರೋದು ವಾರಕ್ಕೊಂದ್ಸಲ."

"ಮಗಳಿಗೆ ರಿಶ್ತಾ ಬಂದಿದೆ. ಹುಡುಗನ ತಾಯಿ ಹಿಂದಿನ ಬೀದೀಲೇ ಇರೋದು. ಯಾವಾಗ ಬೇಕಾದ್ರೆ ಆವಾಗ ಒಳಗೆ ಬರ್ತಾರೆ, ಅಕ್ಕಿ ಡಬ್ಬಾನೂ ಮುಚ್ಚಳ ತೆಗ್ದು ನೋಡೋ ಹೆಂಗಸು. ತಾಯಿಗೆ ದಮ್ಮು ಅಂದ್ರೆ ಟಿಬಿ ಅಂತಾರೆ. ಟಿಬಿ ಅಂದ್ರೆ ಮಗಳಿಗೂ ಇದೆ ಅಂತಾರೆ. ಮುಗೀತು."

ಅದಕ್ಕೇ ಕಥೆಯ ಭಾಗ ಖಾಲಿ ಉಳಿಯಿತು. ಕೇಳಿ ನೋಡಿದ್ದೆ. ಹೆಸರು ಹಾಕುವುದಿಲ್ಲ, ಮುಖ ತೋರಿಸುವುದಿಲ್ಲ ಎಂದಿದ್ದೆ. "ನಮ್ಮ ಬೀದೀಲಿ ಕೈ ನೋಡಿದ್ರೂ ಗುರ್ತು ಹಿಡೀತಾರೆ" ಎಂದು ಆಪಾ ನೀರಿನಲ್ಲಿ ಬಿಳಿಚಿ ಸುಕ್ಕಾದ ಬೆರಳುಗಳನ್ನು ಮಡಿಸಿಕೊಂಡಿದ್ದರು. ಬೇರೆ ಹೆಂಗಸರದೂ ಅದೇ ಉತ್ತರ. ಕಟ್ಟಿ ಬರೆಯಬಹುದಿತ್ತು. ಡಾಕ್ಟರು ಬೇಡವೆಂದರು. ನನಗೂ ಬೇಡವೆನಿಸಿತು. ಇಂಥ ಕಾರಣಕ್ಕೆ ಬರೆಯಲಾಗಿಲ್ಲ ಎಂದು ಒಂದು ಸಾಲು ಹಾಕಿ ಕಳಿಸಿದೆವು.

ಹಣ ಕೊಡುವ ಟ್ರಸ್ಟಿನವರು ಆ ಸಾಲಿನ ಮೇಲೆಯೇ ನಿಂತರು. ಕಥೆ ಇಲ್ಲದಿದ್ದರೆ ನಾವೇ ಬಂದು ನೋಡುತ್ತೇವೆ ಎಂದು ಬರೆದರು. ಬರುವ ದಿನ ಗೊತ್ತಾದಾಗ ನಾನು ಆಪಾನ ಮೈದುನನಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ದಿನಾ ಹೇಗೆ ಕೆಲಸ ಮಾಡ್ತೀರೋ ಹಾಗೇ ಮಾಡ್ತಿರಿ."

"ಅಯ್ಯೋ, ಮೆಹಮಾನ್ ಬರ್ತಾರೆ ಅಂತೀರ, ದಿನಾ ಇದ್ದಂಗೆ ಇರೋಕಾಗ್ತದಾ ಮೇಡಂ? ನೀವು ಸುಮ್ನಿರಿ, ನಾನು ನೋಡ್ಕೊತೀನಿ" ಎಂದರು.

ಆ ಮಾತಿನಲ್ಲಿ ಎಚ್ಚರಿಕೆ ಇತ್ತು. ನನಗೆ ಕೇಳಿಸಲಿಲ್ಲ.

ಟ್ರಸ್ಟಿನಿಂದ ಒಬ್ಬ ಹೆಂಗಸು, ಒಬ್ಬ ಗಂಡಸು ಬಂದರು. ಫಿಲೇಚರ್‌ನ ಬಾಗಿಲಿಗೆ ಹೊಸ ಪರದೆ. ಒಳಗೆ ನೆಲ ತೊಳೆದು ಒಣಗಿಸಿದ್ದರು. ಒಲೆಗಳು ಆರಿದ್ದವು. ಬೆಂದ ಹುಳದ ಬುಟ್ಟಿಗಳಿಲ್ಲ. ತೊಟ್ಟಿಗಳಲ್ಲಿ ತಿಳಿಯಾದ ತಣ್ಣೀರು. ಮದುವೆ ಮನೆಯ ಕುರ್ಚಿಗಳು, ಅವುಗಳ ಮುಂದೆ ಬಿಸ್ಕತ್ತಿನ ತಟ್ಟೆ. ಬೀದಿಯ ಹೆಂಗಸರೆಲ್ಲ ಒಳ್ಳೆಯ ಬಟ್ಟೆ ಹಾಕಿ ಗೋಡೆಯ ಉದ್ದಕ್ಕೂ ಕುಳಿತಿದ್ದರು. ಆಪಾ ಕೊನೆಯಲ್ಲಿ, ಅವರ ಪಕ್ಕದಲ್ಲೇ ಹುಡುಗನ ತಾಯಿ.

ಟ್ರಸ್ಟಿನ ಹೆಂಗಸು ಮೆಲ್ಲಗೆ ನನ್ನನ್ನು ಕೇಳಿದರು, "ಇಲ್ಲಿ ಹೊಗೆ ಎಲ್ಲಿದೆ?"

ನಾನು ಬರೆದದ್ದೆಲ್ಲ ಆ ತೊಳೆದ ನೆಲದ ಮೇಲೆ ಸುಳ್ಳಾಗಿ ನಿಂತಿತ್ತು.

ಅಷ್ಟರಲ್ಲಿ ಮೈದುನ ಕೆಂಡದ ಬಟ್ಟಲು ಹಿಡಿದು ಬಂದರು. ಎಷ್ಟು ತೊಳೆದರೂ ಗೋಡೆಗೆ ಹಿಡಿದ ಹುಳದ ವಾಸನೆ ಹೋಗಿರಲಿಲ್ಲ. ಅತಿಥಿಗಳು ಮೂಗು ಮುಚ್ಚಿಕೊಳ್ಳಬಾರದಲ್ಲ. ಕೆಂಡದ ಮೇಲೆ ಮುಷ್ಟಿ ತುಂಬ ಲೋಬಾನ ಹಾಕಿದರು. ನಮ್ಮ ಮನೆಗಳಲ್ಲಿ ಸಾಂಬ್ರಾಣಿ ಹಾಕುವುದಿಲ್ಲವೇ, ಅದೇ. ಪರಿಮಳ ಹೊರಗೆ ಹೋಗದಿರಲೆಂದು ಪರದೆಯ ಹಿಂದಿನ ಬಾಗಿಲನ್ನೂ ಎಳೆದರು. ಪ್ರತಿ ಅತಿಥಿಯ ಮುಂದೆ ಬಟ್ಟಲು ಹಿಡಿದು, ಅಂಗೈಯಿಂದ ಹೊಗೆಯನ್ನು ಅವರ ಕಡೆ ಬೀಸಿದರು. ಆಮೇಲೆ ಗೋಡೆಯ ಉದ್ದಕ್ಕೂ ನಡೆದರು.

ಆಪಾ ದುಪಟ್ಟದಿಂದ ಬಾಯಿ ಮುಚ್ಚಿಕೊಂಡದ್ದನ್ನು ಕಂಡೆ. ಅವರು ತಡೆದುಕೊಳ್ಳುತ್ತಿದ್ದರು. ಕೆಮ್ಮಬಾರದೆಂದು ಹಟ ಹಿಡಿದ ಮೈ ಹೇಗಿರುತ್ತದೆ ಎಂಬುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಭುಜಗಳು ಕಿವಿಯವರೆಗೆ ಎದ್ದವು. ಕತ್ತಿನ ಗುಂಡಿ ಒಳಕ್ಕೆ ಹೋಯಿತು. ಸದ್ದೇ ಇರಲಿಲ್ಲ. ಆಮೇಲೆ ಒಂದು ಸಣ್ಣ ಶಿಳ್ಳೆಯಂತೆ ಉಸಿರು ಕೇಳಿಸಿತು, ಆಪಾ ಪಕ್ಕಕ್ಕೆ ವಾಲಿದರು.

ಹುಡುಗನ ತಾಯಿಯೇ ಹಿಡಿದುಕೊಂಡರು. "ಬಾಗ್ಲು ತೆಗೀರ್ರೋ! ಆ ಬಟ್ಲು ಎತ್ತಾಕಿ ಆಚೆ!" ಎಂದು ಕೂಗಿದರು.

ಡಾಕ್ಟರು ಆಪಾನನ್ನು ಬಾಗಿಲ ಬಳಿ ಕೂರಿಸಿ ನನ್ನ ಕಡೆ ಕೈ ಚಾಚಿದರು. "ಇವ್ರ ಇನ್‌ಹೇಲರ್ ನಿಮ್ಮ ಬ್ಯಾಗಲ್ಲಿದೆಯಲ್ಲ, ಕೊಡಿ."

ಇಡೀ ಬೀದಿಗೆ ಕೇಳಿಸಿತು. ಕೊಡದಿರಲು ಸಾಧ್ಯವಿತ್ತೇ? ಬ್ಯಾಗಿನ ಜಿಪ್ ತೆಗೆದೆ. ಆ ನೀಲಿ ವಸ್ತು ಅಷ್ಟೂ ಹೆಂಗಸರ ಕಣ್ಣಮುಂದೆ ನನ್ನ ಕೈಯಿಂದ ಡಾಕ್ಟರ ಕೈಗೆ, ಅಲ್ಲಿಂದ ಆಪಾನ ಬಾಯಿಗೆ ಹೋಯಿತು. ಹುಡುಗನ ತಾಯಿ ಅದನ್ನೇ ನೋಡುತ್ತಿದ್ದರು.

ಉಸಿರು ತಿರುಗಿದ ಮೇಲೆ ಆಪಾ ಇನ್‌ಹೇಲರನ್ನು ಮತ್ತೆ ನನ್ನ ಬ್ಯಾಗಿಗೇ ಹಾಕಿ, ನನಗೆ ಮಾತ್ರ ಕೇಳುವಂತೆ ಹೇಳಿದರು: "ನಿಮ್ಮ ಕಾಗದಕ್ಕೆ ನನ್ನ ಉಸ್ರೇ ಬೇಕಿತ್ತಾ ಮೇಡಂ?"

ಇವತ್ತಿಗೂ ಶಿಡ್ಲಘಟ್ಟದ ಬಸ್ಸು ಹತ್ತಿದಾಗ ಆ ಮಾತು ನೆನಪಿಗೆ ಬರುತ್ತದೆ.

ಹೊರಗೆ ಕಾರಿನ ಬಳಿ ಟ್ರಸ್ಟಿನ ಗಂಡಸು ಫೋನ್ ತೋರಿಸಿದರು. ಕೋಣೆಯನ್ನು ವಿಡಿಯೋ ಮಾಡುತ್ತಿದ್ದಾಗಲೇ ಅದಾಗಿತ್ತು, ಎಲ್ಲವೂ ಅದರಲ್ಲಿತ್ತು. "ಇದನ್ನ ನಮ್ಮ ಕಮಿಟಿ ನೋಡಿದ್ರೆ ನಿಮ್ಮ ಅರ್ಜಿಗೆ ಯಾರೂ ಇಲ್ಲ ಅನ್ನಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ.

ಡಾಕ್ಟರು ನನ್ನ ಮುಖ ನೋಡಿದರು. ಅಳಿಸಿಬಿಡಿ ಎಂದೆ.

"ಯೋಚ್ನೆ ಮಾಡಿ ಹೇಳಿ" ಎಂದರು ಟ್ರಸ್ಟಿನವರು.

"ಮಾಡಿದ್ದೀನಿ ಸರ್. ಅಳಿಸಿ. ಆ ಭಾಗ ನಾನು ಬರೆದು ಕಳಿಸ್ತೀನಿ."

ಅವರು ನನ್ನೆದುರೇ ಅಳಿಸಿದರು.

ಖಾಲಿ ಇದ್ದ ಭಾಗವನ್ನು ನಾನು ಆ ವಾರ ತುಂಬಿದೆ. ಯಾವ ಹೆಂಗಸಿನ ಕಥೆಯನ್ನೂ ಬರೆಯಲಿಲ್ಲ. ಆ ಕೋಣೆಯ ಕಥೆ ಬರೆದೆ. ಗೋಣಿ ಯಾಕೆ ಕಟ್ಟಿದೆ, ಒಲೆ ಎಲ್ಲಿದೆ, ಹೊಗೆ ಯಾವ ಎತ್ತರದಲ್ಲಿ ನಿಲ್ಲುತ್ತದೆ, ಕೂತವರ ಮೂಗು ಯಾವ ಎತ್ತರದಲ್ಲಿರುತ್ತದೆ. ಆಮೇಲೆ ಬರೆದೆ: ನೀವು ನೋಡಿದ್ದು ಅತಿಥಿಗಳಿಗಾಗಿ ತೊಳೆದ ಕೋಣೆ. ಅವತ್ತು ಒಲೆ ಉರಿಯುತ್ತಿರಲಿಲ್ಲ. ನಿಮ್ಮ ಗೌರವಕ್ಕೆಂದು ಹಾಕಿದ ಒಂದು ಮುಷ್ಟಿ ಲೋಬಾನ ಮಾತ್ರ ಉರಿಯುತ್ತಿತ್ತು. ಒಲೆ ಉರಿಯುವ ದಿನ ಹೇಗಿರುತ್ತದೆಂದು ನೀವೇ ಊಹಿಸಿಕೊಳ್ಳಬಹುದು.

ಆ ದಿನಗಳಲ್ಲಿ ಆಪಾನ ಮನೆಗೆ ಹೋಗುವ ಧೈರ್ಯ ನನಗಿರಲಿಲ್ಲ. ರಿಶ್ತಾ ಮುರಿಯಿತೇ ಎಂದು ಮೈದುನನನ್ನು ಕೇಳಿದೆ. "ಅವರ ಕಡೆಯಿಂದ ಏನೂ ಮಾತಿಲ್ಲ. ಹೂಂ ಅಂತಾನೂ ಇಲ್ಲ, ಊಹೂಂ ಅಂತಾನೂ ಇಲ್ಲ" ಎಂದರು. ಲೋಬಾನದ ವಿಷಯ ನಾವಿಬ್ಬರೂ ಎತ್ತಲಿಲ್ಲ. ಮಂಜೂರಾತಿಯ ಪತ್ರ ಬಂದಾಗ ಡಾಕ್ಟರು ಟೀ ತರಿಸಿದರು.

ಉಸಿರು ಪರೀಕ್ಷೆಯ ಕೋಣೆ ತೆರೆದ ಮೊದಲ ದಿನ ನಾನು ಬಾಗಿಲ ಬಳಿ ಹೆಸರು ಬರೆದುಕೊಳ್ಳಲು ಕೂತಿದ್ದೆ. ಒಳಗೆ ಪರದೆಯ ಆಚೆ ಡಾಕ್ಟರು. ಬೀದಿಯಲ್ಲಿ ಜನ ಏಳುವ ಮೊದಲೇ ಎಂಬಂತೆ ಆಪಾ ಬಂದಿದ್ದರು. ನನ್ನ ಜೊತೆ ಮಾತಾಡದೆ, ತಲೆ ಮಾತ್ರ ಆಡಿಸಿ ಒಳಗೆ ಹೋಗಿದ್ದರು.

ಸ್ವಲ್ಪ ಹೊತ್ತಿಗೆ ಹುಡುಗನ ತಾಯಿ ಬಂದರು. ಅತ್ತಿತ್ತ ನೋಡಿ ನನ್ನ ಮೇಜಿನ ಮೇಲೆ ಬಗ್ಗಿದರು.

"ಅವತ್ತು ಬ್ಯಾಗಿಂದ ತೆಗೆದ್ರಲ್ಲ, ನೀಲೀದು. ಅದು ನನಗೂ ಒಂದು ಬೇಕು."

"ನಿಮ್ಗೂ ದಮ್ಮಾ?"

"ಮೆಲ್ಲಗೆ ಮಾತಾಡ್ರೀ! ಎಷ್ಟು ವರ್ಷದಿಂದ ಫಿಲೇಚರ್‌ನಲ್ಲಿ ಕೂತಿದ್ದೀನಿ, ನನಗೆ ಬರಲ್ವಾ?" ಉಸಿರು ತೆಗೆದುಕೊಳ್ಳಲು ನಿಂತರು. "ಅದನ್ನ ನಿಮ್ಮತ್ರಾನೇ ಇಟ್ಕೊಂಡಿರಿ. ನಮ್ಮ ಸಮಧನ್‌ಗೆ ಮಾತ್ರ ಗೊತ್ತಾಗ್ಬಾರ್ದು. ಮುಂದಿನ ಶುಕ್ರವಾರ ಮಾತು ಪಕ್ಕಾ ಮಾಡೋಕೆ ಹೋಗ್ತಿದ್ದೀವಿ. ಹುಡುಗನ ತಾಯಿ ಕೆಮ್ತಾಳೆ ಅಂದ್ರೆ ನಾವು ಅವರ ಮುಂದೆ ಸಣ್ಣೋರಾಗ್ತೀವಿ."

ಬೀಗಿತ್ತಿಯನ್ನು ಅವರಲ್ಲಿ ಸಮಧನ್ ಎನ್ನುತ್ತಾರೆ. ಆ ಶಬ್ದ ನನ್ನ ಕಿವಿಗೆ ಬಿದ್ದದ್ದೇ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಅಷ್ಟರಲ್ಲಿ ಪರದೆಯ ಆಚೆ ಊದುವ ಸದ್ದು ನಿಂತಿತು. ಪರದೆ ಸರಿಯಿತು. ಆಪಾ ಕೊಳವೆಯನ್ನು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಬೀಗಿತ್ತಿಯನ್ನು ಮೇಲಿಂದ ಕೆಳಗೆ ನೋಡಿದರು.

"ಅಕ್ಕಿ ಡಬ್ಬ ನಮ್ಮನೇದು ನೋಡಿದ್ದಾಯ್ತು" ಎಂದರು. "ನಿಮ್ಮನೇದು ಒಂದಿನ ನಾನೂ ನೋಡ್ಬೇಕಿತ್ತು."

ಇಬ್ಬರೂ ನಕ್ಕರು. ಇಬ್ಬರಿಗೂ ಕೆಮ್ಮು ಬಂತು. ಆಪಾ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ದಿನಗಳ ಮೇಲೆ ಮೊದಲ ಸಲ, ಕೈ ಚಾಚಿದರು.

"ನನ್ನದು ಕೊಡಿ ಮೇಡಂ. ಮನೇಲೇ ಇಟ್ಕೊತೀನಿ."

ಬ್ಯಾಗಿನ ಜಿಪ್ ತೆಗೆದು ಕೊಟ್ಟೆ.