ಸಿರಿಲ್ ತುಟಿಯಲ್ಲಿ ಆಡಿದ ಮಾತು

ನನ್ನ ಅಣ್ಣ ಸಿರಿಲ್ ವಿಟ್ಟಮ್ ಹೋದ ವರ್ಷ ತೀರಿಕೊಂಡ. ಹನ್ನೊಂದು ವರ್ಷ ಟಿವಿಯಲ್ಲಿ ಜನರನ್ನು ನಗಿಸಿದವನು. ಅವನ ಬಗ್ಗೆ ನಾಲ್ಕು ತಮಾಷೆ ಮಾತು ಬರೆದುಕೊಡು ಎಂದು ನಮ್ಮ ನೆಲ್ಸನ್ ಊರಿನ ಕ್ಲಬ್ಬಿನವರು ಕೇಳಿದರು. ತಮಾಷೆಯದು ಅವರಿಗೇ ಗೊತ್ತಿದೆ. ನಾನು ಬೇರೆಯದನ್ನು ಬರೆಯುತ್ತೇನೆ.

ನಮ್ಮಮ್ಮ ಹಿಲ್ಡಾ ಹತ್ತಿ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದಳು. ನಾನು ಅಲ್ಲೇ ಮಗ್ಗ ರಿಪೇರಿ ಮಾಡುತ್ತಿದ್ದೆ. ನೂರಾರು ಮಗ್ಗ ಬಡಿಯುವಾಗ ಕೂಗಿದರೂ ಕೇಳಿಸದು. ಅದಕ್ಕೇ ಅಲ್ಲಿಯ ಹೆಂಗಸರು ದನಿಯಿಲ್ಲದೆ, ಬಾಯಿ ಅಗಲಿಸಿ, ತುಟಿಯಲ್ಲೇ ಮಾತಾಡುತ್ತಾರೆ. ಶೆಡ್ಡಿನ ಆ ತುದಿಯವಳು ಅದನ್ನು ಓದಿಕೊಂಡು ನಗುತ್ತಾಳೆ. ಮನೆಯಲ್ಲೂ ನಮಗೆ ಅದೇ ಅಭ್ಯಾಸವಾಗಿತ್ತು.

ಸಿರಿಲ್ ಐದು ವರ್ಷ ಗಿರಣಿಯಲ್ಲಿದ್ದ. ಆಮೇಲೆ ಕ್ಲಬ್ಬುಗಳಲ್ಲಿ ಹಾಸ್ಯ ಹೇಳಲು ಹೋದ. ಅಲ್ಲಿ ಜನರಿಗೆ ತಿನ್ನಲು ಬಿಸಿ ಪೈ, ಅಂದರೆ ಮಾಂಸದ ಕಡುಬು, ಬಂತೆಂದರೆ ಹಾಸ್ಯಗಾರ ಬಾಯಿ ಮುಚ್ಚಬೇಕು. ಇವನು ಪೈ ಜೊತೆಗೇ ಜಗಳ ತೆಗೆದು ನಗಿಸಿದ. ಮ್ಯಾಂಚೆಸ್ಟರಿನ ಟಿವಿಯವರು ಅದನ್ನು ನೋಡಿ ಕರೆದರು. ಗಿರಣಿಯ ಅಮ್ಮ, ಸೋಮಾರಿ ಮಗ, ಇದೇ ಅವನ ಕಥೆ. ತಾನೇ ಬರೆದ, ಮಗನಾಗಿ ತಾನೇ ನಟಿಸಿದ. ನಮ್ಮಮ್ಮ ಬೈದದ್ದೆಲ್ಲ ಅದರಲ್ಲಿ ಬಂತು.

“ಬೈಯೋಕೂ ಹೆದ್ರಿಕೆ ಕಣೋ, ಶನಿವಾರ ಟಿವೀಲಿ ಬಂದ್ಬಿಡ್ತದೆ” ಎನ್ನುತ್ತಿದ್ದಳು. ಆದರೂ ಬೈಯುತ್ತಿದ್ದಳು.

ಎಪ್ಪತ್ನಾಲ್ಕರಲ್ಲಿ, ಆ ವರ್ಷದ ಕೊನೆಯ ಕಂತಿಗೆ ನಿಜವಾದ ಅಮ್ಮನನ್ನೇ ವೇದಿಕೆಗೆ ಕರೆಯೋಣ ಎಂದು ಟಿವಿಯವರು ಹೇಳಿದರು. ಅಮ್ಮ ನೀಲಿ ಫ್ರಾಕು ಹೊಲಿಸಿಕೊಂಡಳು. ಅದರ ಹಿಂದಿನ ಶನಿವಾರ ನಾವಿಬ್ಬರೂ ಪಕ್ಕದ ಮನೆಯ ಮಿಸೆಸ್ ಪಿಲ್ಲಿಂಗ್ ಜೊತೆ ಟಿವಿ ಮುಂದೆ ಕೂತಿದ್ದೆವು. ನೇರ ಪ್ರಸಾರ. ಆಟ ಮುಗಿದು ಹೆಸರುಗಳು ಬರುತ್ತಿದ್ದವು, ಸಂಗೀತ ಜೋರಾಗಿತ್ತು. ಹಿಂದೆ ನಿಂತಿದ್ದ ಸಿರಿಲ್, ತಾನು ಕಾಣುತ್ತಿಲ್ಲ ಎಂದುಕೊಂಡು, ಜೊತೆಗೆ ನಟಿಸುತ್ತಿದ್ದ ಬ್ರೆಂಡಾಗೆ ತುಟಿಯಲ್ಲಿ ಹೇಳಿದ. ಅವಳೂ ಗಿರಣಿ ಊರಿನವಳು.

“ಅಮ್ಮನ್ನ ಕರೀತಾರಂತೆ. ಗಿರಣಿ ಎಣ್ಣೆ ವಾಸ್ನೆ ಹೊಡೀತಾಳೆ. ನಂಗೆ ನಾಚ್ಕೆ.”

ಮೂವರೂ ಅದನ್ನು ಓದಿಕೊಂಡೆವು. ಮಿಸೆಸ್ ಪಿಲ್ಲಿಂಗ್ ಕೋಟು ಹಾಕಿಕೊಂಡು ಹೋದಳು. ಅಮ್ಮ ಟಿವಿ ಆರಿಸಿ ಕಪ್ಪು ತೊಳೆದಳು. ನಮ್ಮ ಬೀದಿಯಲ್ಲಿ ಎಲ್ಲ ಮನೆಯಲ್ಲೂ ನೇಕಾರ ಹೆಂಗಸರೇ. ಅಂದರೆ ಎಲ್ಲರಿಗೂ ಗೊತ್ತಾಗಿತ್ತು.

ಭಾನುವಾರ ಬೆಳಿಗ್ಗೆ ಸಿರಿಲ್ ಫೋನ್ ಮಾಡಿದ.

“ವಾಲ್ಟ್, ಕೊನೇದು ಅಮ್ಮ ನೋಡಿದ್ಲೇನೋ?”

“ಇಲ್ಲ. ಆಗ್ಲೇ ನಿದ್ದೆ ಹೋಗಿದ್ಲು.”

“ಬೇರೆ ಯಾರಾದ್ರೂ ಏನಾದ್ರೂ ಅಂದ್ರಾ?”

“ಯಾರೂ ಇಲ್ಲ.”

ಯಾಕೆ ಸುಳ್ಳು ಹೇಳಿದೆ ಎಂದು ನನಗೆ ಗೊತ್ತು. ನನ್ನ ಮದುವೆಯ ದಿನ, ಅಂಗಡಿ ಇಟ್ಟಿದ್ದ ಹುಡುಗಿ ಕಡೆಯವರ ಮುಂದೆ, “ಅಮ್ಮ, ಬಾಯಿ ಹಾಗೆ ಆಡಿಸ್ಬೇಡ” ಎಂದಿದ್ದೆ. ಸಂಜೆವರೆಗೆ ಅವಳು ಬಾಯಿ ತೆರೆಯಲಿಲ್ಲ. ನಾನೂ ಅವಳಿಗಾಗಿ ನಾಚಿದವನೇ, ಅಣ್ಣನಿಗೆ ನಿಜ ಹೇಳಲು ನನಗೆ ಮುಖವಿರಲಿಲ್ಲ.

ಮಧ್ಯಾಹ್ನ ಅವನು ಚಾಕೊಲೇಟ್ ಡಬ್ಬ ಹಿಡಿದು, ನಗುತ್ತಾ ಬಂದ.

“ಏನಮ್ಮ, ಸ್ಟಾರ್ ಆಗೋಕೆ ತಯಾರಾ? ಶನಿವಾರ ಕಾರು ಕಳಿಸ್ತೀನಿ.”

“ಬೇಡ” ಎಂದಳು ಅಮ್ಮ. “ಕಾರಿಗೆ ಎಣ್ಣೆ ವಾಸ್ನೆ ಹತ್ತೀತು.”

ಅವನು ನನ್ನ ಕಡೆ ನೋಡಿದ. “ನಿದ್ದೆ ಹೋಗಿದ್ಲು ಅಂದ್ಯಲ್ಲೋ.”

“ಅವನನ್ನ ಯಾಕೆ ನೋಡ್ತೀಯ?” ಎಂದಳು ಅಮ್ಮ. “ಮಾತು ನಿಂದು.”

ಸಿರಿಲ್ ಡಬ್ಬವನ್ನು ಮೇಜಿನ ಮೇಲಿಟ್ಟ. “ನಂದೇ ಅಮ್ಮ. ನಾಚ್ಕೆ ಆಗಿತ್ತು. ಈಗ ನನ್ ಮೇಲೇ ಆಗ್ತಿದೆ.”

“ಆಗ್ಲಿ. ಟೀ ಆರ್ತದೆ, ಕುಡಿ.”

ಅವಳು ಹೋಗಲಿಲ್ಲ. ಆ ವರ್ಷದ ಕೊನೆಯ ಕಂತು ಅಮ್ಮನಿಲ್ಲದೆ ಮುಗಿಯಿತು. ಆಮೇಲೂ ಸಿರಿಲ್ ಪ್ರತಿ ಭಾನುವಾರ ಬರುತ್ತಿದ್ದ, ಅವಳು ಸಾಯುವವರೆಗೂ. ಅವಳು ಊಟ ಹಾಕುತ್ತಿದ್ದಳು, ಹವಾಮಾನದ ಮಾತಾಡುತ್ತಿದ್ದಳು. ಮತ್ತೆಂದೂ ಬೈಯಲಿಲ್ಲ. ಎರಡು ವರ್ಷದಲ್ಲಿ ಅವನ ಧಾರಾವಾಹಿ ನಿಂತಿತು. ಬರೆಯಲು ಏನೂ ಇಲ್ಲ ಕಣೋ ಎಂದ.

ಫೋನಿನಲ್ಲಿ ನಾನು ನಿಜ ಹೇಳಿದ್ದರೆ ಅವನು ಕ್ಷಮೆ ಕೇಳಲೆಂದೇ ಅಮ್ಮನ ಮನೆ ಬಾಗಿಲು ದಾಟುತ್ತಿದ್ದ. ಅವಳು ಚೆನ್ನಾಗಿ ಬೈದು ಮುಗಿಸುತ್ತಿದ್ದಳೋ ಏನೋ. ಅವನು ಒಂದು ದಿನವೂ ನನ್ನನ್ನು ಈ ಬಗ್ಗೆ ಕೇಳಲಿಲ್ಲ. ನನ್ನ ಮದುವೆಯ ದಿನದ ಮಾತನ್ನು ನಾನೂ ಅವನಿಗೆ ಹೇಳಲಿಲ್ಲ.