ಭುಜದ ಮೇಲಿನ ನಾಲ್ಕು ಬೆರಳು

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ದುಡಿದದ್ದು ಸರ್ಕಾರಿ ಬಸ್ಸಿನ ಕಂಡಕ್ಟರಾಗಿ. ನಿವೃತ್ತರಾದ ಮೇಲೆ ನನ್ನ ಜೊತೆಯವರಲ್ಲಿ ಕೆಲವರು ದೇವಸ್ಥಾನದ ಸಮಿತಿ ಸೇರಿದರು, ಕೆಲವರು ಸಕ್ಕರೆ ಕಾಯಿಲೆಯ ವಿಚಾರದಲ್ಲಿ ಪಂಡಿತರಾದರು. ನಾನು ಕ್ಯಾಮೆರಾ ಕೊಂಡೆ. ಇದರಿಂದ ಯಾರಿಗೂ ತೊಂದರೆಯಾಗಲಾರದು ಎಂದುಕೊಂಡಿದ್ದೆ. ಆದದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಮೊದಲು ಹೊಳೆನರಸೀಪುರದ ನಮ್ಮ ಮನೆಯಿಂದ ಬೆಳಿಗ್ಗೆ ಎದ್ದು ಹೇಮಾವತಿ ದಡಕ್ಕೆ ಹೋಗಿ ಬೆಳ್ಳಕ್ಕಿಗಳ ಫೋಟೊ ತೆಗೆಯುತ್ತಿದ್ದೆ. ಬೆಳ್ಳಕ್ಕಿ ಬೆಳ್ಳಗೆ ಬರುತ್ತಿರಲಿಲ್ಲ. ಹೊಳೆಯೂ ಹೊಳೆಯಂತೆ ಕಾಣುತ್ತಿರಲಿಲ್ಲ. ಎಡಿಟಿಂಗ್ ಕಲಿಯದೆ ಫೋಟೊಗ್ರಫಿ ಇಲ್ಲ ಎಂದು ಯಾರೋ ಹೇಳಿದರು. ಹಾಸನದಲ್ಲಿ ಸ್ಟುಡಿಯೊ ನಡೆಸುವ ಒಬ್ಬ ಹೆಣ್ಣುಮಗಳು ಅದನ್ನು ಹೇಳಿಕೊಡುತ್ತಾರೆಂದು ತಿಳಿದು ಅವರಲ್ಲಿಗೆ ಹೋಗತೊಡಗಿದೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಅಂಕಲ್ ಎನ್ನುತ್ತಿದ್ದರು.

ಅವರು ಮೊದಲ ದಿನವೇ ಒಂದು ಮಾತು ಹೇಳಿದರು: "ಅಂಕಲ್, ಒರಿಜಿನಲ್ ಫೋಟೊ ಮೇಲೆ ಯಾವತ್ತೂ ಕೈ ಇಡ್ಬೇಡಿ. ಕಾಪಿ ಮಾಡ್ಕೊಂಡು ಅದರ ಮೇಲೆ ಏನ್ ಬೇಕಾದ್ರೂ ಆಟ ಆಡಿ." ನಾನು ತಲೆಯಾಡಿಸಿದೆ. ಪ್ರಯಾಣಿಕರಿಗೆ ಚಿಲ್ಲರೆ ರೆಡಿ ಇಟ್ಟುಕೊಳ್ಳಿ ಎಂದು ನಾನು ಹೇಳಿದಾಗ ಅವರೂ ಹೀಗೆಯೇ ತಲೆಯಾಡಿಸುತ್ತಿದ್ದರು.

ಲೇಯರ್ ಎಂದರೇನು ಎಂಬುದು ನನಗೆ ಬಹಳ ಕಾಲ ತಲೆಗೆ ಹತ್ತಲಿಲ್ಲ. ಹತ್ತಿದ್ದು ಒಂದೇ, ಬೇಡದ್ದನ್ನು ಅಳಿಸುವ ಬ್ರಷ್. ಯಾವುದು ಬೇಡವೋ ಅದರ ಮೇಲೆ ಬಳಿದರೆ ಸಾಕು. ಕಂಪ್ಯೂಟರು ಸ್ವಲ್ಪ ಹೊತ್ತು ಯೋಚಿಸಿ, ಅಕ್ಕಪಕ್ಕದಲ್ಲಿ ಏನಿದೆಯೋ ಅದನ್ನೇ ತಂದು ಅಲ್ಲಿ ತುಂಬುತ್ತದೆ. ಬಸ್ಸಿನಿಂದ ಜನರನ್ನು ಕೆಳಗಿಳಿಸಲು ಎಷ್ಟು ಕೂಗಾಡಬೇಕಾಗುತ್ತಿತ್ತು ಎಂದು ನೆನೆದರೆ ಇದು ಬಹಳ ಸಲೀಸು. ನುಗ್ಗೇಹಳ್ಳಿಯ ದೇವಸ್ಥಾನದ ಮುಂದಿನ ವೈರುಗಳನ್ನು ತೆಗೆದೆ. ಜಿನನಾಥಪುರದ ಬಸದಿಯ ಪಕ್ಕ ಮಲಗಿದ್ದ ನಾಯಿಯನ್ನು ತೆಗೆದೆ. ಆ ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ ನಾನು ಕಿತ್ತಷ್ಟು ಕರೆಂಟು ಕಂಬಗಳನ್ನು ಯಾವ ಬಿರುಗಾಳಿಯೂ ಕಿತ್ತಿರಲಾರದು.

ಅಷ್ಟರಲ್ಲಿ ಅರಕಲಗೂಡಿನಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ ಬಂತು. ಸ್ಟುಡಿಯೊದವರನ್ನು ಕರೆಸಬೇಡ, ನಾನೇ ತೆಗೆಯುತ್ತೇನೆ ಎಂದು ಹಟ ಹಿಡಿದವನು ನಾನು. ತಂಗಿ ಒಪ್ಪಿದಳು. ಒಪ್ಪುವಾಗ ಹೇಳಿದಳು:

"ಮಿಕ್ಕಿದ್ದೆಲ್ಲ ಎಂಗಾರ ತೆಗಿ ಕಣಣ್ಣ. ಆಲುಕ್ಸುವಾಗ ಅಕ್ಕ ನನ್ ಪಕ್ಕದಲ್ಲಿರೋದು ಒಂದು ಸರ್ಯಾಗಿ ಬರ್ಬೇಕು. ನನ್ ಮದ್ವೆ ಆಲ್ಬಮ್ನಾಗೆ ಅಕ್ಕ ಒಂದ್ರಲ್ಲೂ ಇಲ್ಲ."

ನಮ್ಮ ತಾಯಿ ಬೇಗ ತೀರಿಕೊಂಡರು. ತಂಗಿಯ ತಲೆ ಬಾಚಿ ಸ್ಕೂಲಿಗೆ ಕಳಿಸಿ ದೊಡ್ಡವಳನ್ನಾಗಿ ಮಾಡಿದ್ದು ನಮ್ಮ ಅಕ್ಕ. ತಂಗಿಯ ಮದುವೆಯ ಹೊತ್ತಿಗೆ ಭಾವ ತೀರಿಕೊಂಡು ಅಕ್ಕ ನುಗ್ಗೇಹಳ್ಳಿಯ ಗಂಡನ ಮನೆಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಳು. ಗಂಡ ಸತ್ತ ಹೆಂಗಸು ಶುಭಕಾರ್ಯದಲ್ಲಿ ಮುಂದೆ ನಿಲ್ಲುವುದು ನಮ್ಮ ಕಡೆ ವಾಡಿಕೆಯಲ್ಲ. ಮದುವೆಯ ಅಡುಗೆ ಪೂರ್ತಿ ಅಕ್ಕನದು. ಅಡುಗೆಯ ಫೋಟೊ ಆಲ್ಬಮ್ಮಿನಲ್ಲಿದೆ.

ಗೃಹಪ್ರವೇಶದ ದಿನ ಅಕ್ಕ ಚನ್ನರಾಯಪಟ್ಟಣಕ್ಕೆ ಬಂದು ಅಲ್ಲಿಂದ ಬಸ್ಸು ಬದಲಿಸಿ ಬಂದಳು. ಬಂದವಳು ಸೀದಾ ಹಿತ್ತಿಲಿಗೆ ಹೋಗಿ ಕುಂಬಳಕಾಯಿ ಹೆಚ್ಚಲು ಕುಳಿತಳು. ಹಾಲುಕ್ಕಿಸುವ ಹೊತ್ತಿಗೆ ತಂಗಿ ಹೋಗಿ ಅವಳ ಕೈ ಹಿಡಿದು ಎಳೆದಳು.

"ಬುಡವ್ವ, ಅಲ್ಲಿ ಮುತ್ತೈದೇರು ಅವ್ರೆ. ನಾನ್ಯಾಕೆ?"

"ನಿನ್ ಕೈಯಾಗಿನ ಮುದ್ದೆ ತಿಂದೇ ಬೆಳ್ದಿದೀನಿ. ಈಗ ಒಲೆತಾವ ನಿಂತ್ಕಂಡ್ರೆ ಏನಾತದೆ? ಬಾ ಅಂದ್ರೆ ಬಾ."

ಅಕ್ಕ ಬಂದಳು. ತಂಗಿಯ ಹಿಂದೆ, ಅರ್ಧ ಹೆಜ್ಜೆ ಪಕ್ಕಕ್ಕೆ ನಿಂತಳು. ಹಾಲು ಮೇಲೇರುತ್ತಿದ್ದಂತೆ ಅವಳ ಕೈ ತಾನಾಗಿ ತಂಗಿಯ ಭುಜದ ಮೇಲೆ ಕುಳಿತಿತು. ಚಿಕ್ಕಂದಿನಲ್ಲಿ ಬೀಸುವ ಕಲ್ಲಿಗೆ ಸಿಕ್ಕಿ ಅವಳ ನಡುಬೆರಳು ಸೊಟ್ಟಗಾಗಿದೆ. ಇಬ್ಬರೂ ನನ್ನನ್ನು ನೋಡಲಿಲ್ಲ, ಹಾಲನ್ನು ನೋಡುತ್ತಿದ್ದರು. ನಾನು ಒತ್ತಿದೆ. ಅಷ್ಟು ಚೆನ್ನಾದ ಫೋಟೊ ನಾನು ಅದಕ್ಕೆ ಮೊದಲು ತೆಗೆದಿರಲಿಲ್ಲ. ಆಮೇಲೆಯೂ ತೆಗೆದಿಲ್ಲ.

ಊಟದ ಪಂಕ್ತಿಯಲ್ಲಿ ನನ್ನ ಎದುರು ಕುಳಿತ ದೂರದ ನೆಂಟರೊಬ್ಬರು ಪಾಯಸ ಕಲಸುತ್ತ, "ಅಲ್ಲಾ, ಆಲುಕ್ಸೋತಾವ ಆವಮ್ಮನ್ನ ಯಾಕ್ ನಿಲ್ಸ್ಕಂಡ್ರು?" ಎಂದರು. ನನಗೆ ಕೇಳಿಸಿತು. ನಾನು ಇನ್ನೊಂದು ಹಪ್ಪಳ ಹಾಕಿಸಿಕೊಂಡೆ.

ಮನೆಗೆ ಬಂದು ಆ ಫೋಟೊ ತೆರೆದಾಗ ನನಗೆ ಕಂಡದ್ದು ಹಾಲಲ್ಲ, ಆ ನೆಂಟರು. ಆಲ್ಬಮ್ ನೋಡುವವರೆಲ್ಲ ಇದನ್ನೇ ಕೇಳುತ್ತಾರೆ, ನಾಳೆ ಆ ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೂ ಈ ಫೋಟೊ ತೋರಿಸುತ್ತಾರೆ ಎನ್ನಿಸಿತು. ಆದರೆ ನಾನು ನನಗೇ ಹೇಳಿಕೊಂಡ ಕಾರಣ ಬೇರೆ. ಫೋಟೊದ ಅಂಚು ಶುದ್ಧವಾಗಿರಬೇಕು ಎಂದು ಮೇಡಂ ಹೇಳಿದ್ದಾರಲ್ಲ ಎಂದುಕೊಂಡೆ. ಮೇಡಂ ಹೇಳಿದ್ದು ಕರೆಂಟು ಕಂಬದ ವಿಚಾರ.

ಬ್ರಷ್ ತೆಗೆದುಕೊಂಡು ಅಕ್ಕನ ತಲೆ, ಸೆರಗು, ತೋಳು ಎಲ್ಲದರ ಮೇಲೆ ಬಳಿದೆ. ಹಿಂದೆ ಹೊಸದಾಗಿ ಬಣ್ಣ ಹೊಡೆದ ಗೋಡೆ, ಒಂದೇ ಸಮನಾಗಿತ್ತು. ಕೆಲಸ ಸುಲಭವಾಯಿತು. ತಾನು ಅಳಿಸುತ್ತಿರುವುದು ಅಕ್ಕನನ್ನು ಎಂದು ಕಂಪ್ಯೂಟರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕಾಪಿ ಮಾಡಿಕೊಳ್ಳದೆ ಒರಿಜಿನಲ್ ಮೇಲೆಯೇ ಸೇವ್ ಮಾಡಿದೆ. ಬೆಳ್ಳಕ್ಕಿಗಳಿಗೆ ಜಾಗ ಬೇಕೆಂದು ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ. ಆದರೆ ಆ ಪ್ರೋಗ್ರಾಮಿನಲ್ಲಿ ಮುಖದ ಕಲೆ ತೆಗೆಯುವ ಬಟನ್ ಒಂದಿತ್ತು. ನನ್ನ ಫೋಟೊದ ಮೇಲೆ ಪ್ರಯೋಗ ಮಾಡಿದೆ. ಕೆನ್ನೆಯ ಕಪ್ಪು ಚುಕ್ಕೆಗಳೆಲ್ಲ ಹೋಗಿ, ಕಂಡಕ್ಟರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದ್ದಂತೆ ಕಂಡೆ. ಖುಷಿಯಾಗಿ ಗೃಹಪ್ರವೇಶದ ಫೋಟೊಗಳೆಲ್ಲಕ್ಕೂ ಒಟ್ಟಿಗೆ ಅದನ್ನು ಒತ್ತಿ, ಒಂದನ್ನೂ ದೊಡ್ಡದು ಮಾಡಿ ನೋಡದೆ, ಹಾಸನದ ಲ್ಯಾಬಿಗೆ ಕೊಟ್ಟು ಆಲ್ಬಮ್ ಮಾಡಿಸಿದೆ.

ಆಲ್ಬಮ್ ತೆರೆಯುವ ದಿನ ತಂಗಿ ಅಕ್ಕನನ್ನೂ ಕರೆಸಿದ್ದಳು. ನಾನು, ನನ್ನ ಹೆಂಡತಿ, ಅಕ್ಕ, ತಂಗಿ, ನಾಲ್ವರೂ ಹೊಸ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತೆವು. ತಂಗಿ ಹಾಲುಕ್ಕಿಸುವ ಫೋಟೊ ಇದ್ದ ಮೊದಲ ಪುಟ ತೆರೆದು ಬಹಳ ಹೊತ್ತು ನೋಡಿದಳು.

"ಅಣ್ಣ, ನನ್ ಅಣೇಲಿ ಕುಂಕ್ಮ ಎಲ್ಲಿ?"

ನಾನು ಬಗ್ಗಿ ನೋಡಿದೆ. ಇರಲಿಲ್ಲ. ನನ್ನ ಹೆಂಡತಿ ಆಲ್ಬಮ್ ಎಳೆದುಕೊಂಡು ಪುಟ ತಿರುವಿದಳು. ಬಾಗಿಲ ಪೂಜೆಗೆ ಕುಳಿತ ಹೆಂಗಸರು, ಆರತಿ ಹಿಡಿದವರು, ಊಟಕ್ಕೆ ಕುಳಿತವರು, ಯಾರ ಹಣೆಯಲ್ಲೂ ಕುಂಕುಮವಿಲ್ಲ. ಕಂಪ್ಯೂಟರು ಎಲ್ಲವನ್ನೂ ಕಲೆ ಎಂದುಕೊಂಡು ಒರೆಸಿತ್ತು. ಹೆಂಡತಿ ತನ್ನ ಫೋಟೊ ಸಿಕ್ಕಿದ ಪುಟದಲ್ಲಿ ನಿಂತು ನನ್ನತ್ತ ತಿರುಗಿದಳು.

"ರೀ, ನೀವ್ ಯಾವಾಗ್ ತೀರ್ಕಂಡ್ರಿ? ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ?"

ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನಿಧಾನವಾಗಿ ನೋಡಿದಳು. "ಇದ್ರಲ್ಲಿ ಎಲ್ರೂ ನನ್ನಂಗೇ ಅವ್ರಲ್ಲಾ," ಎಂದಳು.

ಮೊದಲು ಅಕ್ಕನೇ ನಕ್ಕಳು. ಅವಳು ನಕ್ಕ ಮೇಲೆ ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಈ ತಪ್ಪಿನ ಮರೆಯಲ್ಲಿ ಆ ತಪ್ಪು ಕಾಣದೆ ಹೋಗಲಿ ಎಂಬ ಆಸೆ. ಬಟನ್ನಿನ ವಿಚಾರವನ್ನು ಬೇಕಾದ್ದಕ್ಕಿಂತ ಹೆಚ್ಚು ವಿವರಿಸಿದೆ.

ತಂಗಿ ಮತ್ತೆ ಮೊದಲ ಪುಟಕ್ಕೆ ಹೋದಳು. "ಅಕ್ಕ ಎಲ್ಲಿ?"

"ಫ್ರೇಮಿಗೆ ಬಂದಿಲ್ಲ ಕಣವ್ವ," ಎಂದೆ.

"ಓಗ್ಲಿ ಬುಡು," ಅಕ್ಕ ನನ್ನ ಪರ ವಹಿಸಿದಳು. "ನಾನು ಪಕ್ಕಕ್ಕೆ ನಿಂತಿದ್ದೆ. ಬುಟ್ಟೋಗಿರ್ತದೆ. ಅವ್ನೇನ್ ಬೇಕು ಅಂತ ಮಾಡ್ತಾನಾ?"

ಹಾಗೆನ್ನುತ್ತ ಫೋಟೊವನ್ನು ಹತ್ತಿರ ತಂದುಕೊಂಡಳು. ಅದರಲ್ಲಿ ತಂಗಿಯ ಭುಜದ ಮೇಲೆ ಬೆರಳಿಟ್ಟು ತೋರಿಸಿದಳು. ಜರಿ ಸೀರೆಯ ನೆರಿಗೆ ಎಂದು ನಾನು ಬಿಟ್ಟಿದ್ದ ಜಾಗ ಅದು. ನಾಲ್ಕು ಬೆರಳು ಅಲ್ಲಿ ಕುಳಿತಿದ್ದವು. ಹಿಂದೆ ಕೈಯಿಲ್ಲ, ಮನುಷ್ಯರಿಲ್ಲ, ಗೋಡೆ.

"ಇದು ನನ್ ಬೆಳ್ಳು," ಎಂದಳು ಅಕ್ಕ. ಸೊಟ್ಟ ಬೆರಳನ್ನು ಸೊಟ್ಟ ಬೆರಳಿನ ಪಕ್ಕ ಇಟ್ಟಳು.

ತಂಗಿ ನನ್ನನ್ನು ನೋಡಿದಳು. "ಅಕ್ಕನ್ನೂ ಮಿಷನ್ನೇ ಕಲೆ ಅಂದ್ಕಂತಾ ಅಣ್ಣ?"

ಹೌದು ಎನ್ನಬಹುದಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ. "ಇಲ್ಲ, ನಾನೇ ಅಳಿಸಿದ್ದು," ಎಂದೆ. ನೆಂಟರು ಆಡಿದ ಮಾತು ಹೇಳಿದೆ, ಹಪ್ಪಳದ ವಿಚಾರವನ್ನೂ ಹೇಳಿದೆ. ತಂಗಿ ಅಳುತ್ತಾಳೆಂದುಕೊಂಡಿದ್ದೆ. ಅವಳು ಎದ್ದು ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ಅಕ್ಕನ ಮುಂದಿಟ್ಟಳು.

"ಇಡು ಎಲ್ರಿಗೂ."

"ನಾನಾ? ನಾನು ಮುಟ್ಬಾರ್ದು ಕಣೆ."

"ಪೇಪರ್ಗೆ ತಾನೆ ಇಡೋದು. ಇಡಕ್ಕ."

ಅಕ್ಕ ನನ್ನ ಹೆಂಡತಿಯ ಮುಖ ನೋಡಿದಳು. ನನ್ನ ಹೆಂಡತಿ, "ನಂಗೇ ಮೊದ್ಲು ಇಡಿ ಅತ್ಗೆ, ಇವ್ರು ಇನ್ನೂ ಉಸಿರಾಡ್ತಾವ್ರೆ," ಎಂದಳು. ಅಕ್ಕ ಸೊಟ್ಟ ಬೆರಳನ್ನೇ ಅದ್ದಿ, ಪುಟ ಪುಟಕ್ಕೂ, ಹಣೆ ಹಣೆಗೂ ಇಟ್ಟಳು. ಗುರುತಿಲ್ಲದವರಿಗೂ ಇಟ್ಟಳು. ಪಾಯಸದ ನೆಂಟರ ಹೆಂಡತಿಗೂ ಇಟ್ಟಳು.

ತಪ್ಪನ್ನು ಸರಿ ಮಾಡಲು ನಾನು ಹಾಸನಕ್ಕೆ ಮೇಡಂ ಹತ್ತಿರ ಹೋದೆ. ಅಕ್ಕನದು ಉಳಿದಿದ್ದ ಇನ್ನೊಂದೇ ಫೋಟೊ ಹಿತ್ತಿಲಿನದು. ಅದರಿಂದ ಅವಳನ್ನು ಕತ್ತರಿಸಿ ಒಲೆಯ ಪಕ್ಕ ಕೂರಿಸಿದೆವು. ಅಕ್ಕ ಹಾಲಿನ ಪಾತ್ರೆಯ ಹತ್ತಿರ ಕುಂಬಳಕಾಯಿ ಹೆಚ್ಚುತ್ತಿರುವಂತೆ ಬಂತು. "ಅಂಕಲ್, ಬೆಳಕು ಕೂಡಲ್ಲ. ಒರಿಜಿನಲ್ ಇದ್ದಿದ್ರೆ..." ಎಂದು ಮೇಡಂ ಮಾತು ಅಲ್ಲಿಗೇ ಬಿಟ್ಟರು. ಅದನ್ನು ಅರಕಲಗೂಡಿಗೆ ಒಯ್ದೆ. ತಂಗಿ ನೋಡಿ ವಾಪಸು ಕೊಟ್ಟಳು.

"ಬ್ಯಾಡ. ಬೆಳ್ಳಿರೋದೇ ಇರ್ಲಿ. ಯಾರಾರ ಕೇಳಿದ್ರೆ ನೀನೇ ಏಳ್ಬೇಕು, ಅಷ್ಟೇಯ."

ಜನ ಕೇಳುತ್ತಾರೆ. ಆಲ್ಬಮ್ ತೆರೆದಾಗಲೆಲ್ಲ ಲ್ಯಾಮಿನೇಶನ್ನಿಗೆ ಅಂಟದ ಕುಂಕುಮ ಮಡಿಲಿಗೆ ಉದುರುತ್ತದೆ. ಅದನ್ನು ಕೊಡವಿಕೊಂಡು, "ಇದ್ಯಾರ ಬೆಳ್ಳು?" ಎನ್ನುತ್ತಾರೆ. ನಾನು ಅಲ್ಲಿಲ್ಲದಿದ್ದರೆ ತಂಗಿ ಫೋನ್ ಮಾಡಿ ಸ್ಪೀಕರಿಗೆ ಹಾಕುತ್ತಾಳೆ. ಅಕ್ಕನದು, ಮಿಕ್ಕದ್ದನ್ನು ನಾನು ಅಳಿಸಿದೆ, ನಾಲ್ಕು ಜನ ಏನೆಂದಾರೋ ಎಂದು ಹೆದರಿ ಅಳಿಸಿದೆ ಎಂದು ಹೇಳುತ್ತೇನೆ. ಆ ಪಾಯಸದ ನೆಂಟರಿಗೂ ಒಮ್ಮೆ ಹೇಳಬೇಕಾಯಿತು. ಅವರು, "ಅಯ್ಯೋ, ನಾನು ಸುಮ್ಕೆ ಕೇಳ್ದೆ ಕಣಪ್ಪ," ಎಂದರು.

ಮೊನ್ನೆ ನುಗ್ಗೇಹಳ್ಳಿಗೆ ಹೋಗಿದ್ದಾಗ ತಂಗಿಯೂ ಬಂದಿದ್ದಳು. ಇಬ್ಬರನ್ನೂ ಮನೆ ಮುಂದೆ ನಿಲ್ಲಿಸಿ ಕ್ಯಾಮೆರಾ ಎತ್ತಿದೆ. ಅಕ್ಕ ತಂಗಿಯ ಭುಜದ ಮೇಲೆ ಕೈ ಇಟ್ಟು, "ಲೇ, ಈ ಸಲ ಪೂರ್ತಿ ಇರ್ತೀನಾ, ಬೆಳ್ಳೊಂದೇನಾ?" ಎಂದಳು.

"ಪೂರ್ತಿ ಇರ್ತೀಯ," ಎಂದೆ.

ಫೋಟೊದಲ್ಲಿ ಹಿಂದಿನ ಕರೆಂಟು ಕಂಬ ಸರಿಯಾಗಿ ಅಕ್ಕನ ನೆತ್ತಿಯಿಂದ ಎದ್ದು ನಿಂತಿದೆ, ವೈರುಗಳು ಎರಡೂ ಕಿವಿಯಿಂದ ಹೊರಟಂತಿವೆ. ಮೇಡಂ ನೋಡಿ, ಅದನ್ನು ತೆಗೆಯುವುದು ನಿಮಗೆ ಬರುತ್ತದಲ್ಲ ಅಂಕಲ್ ಎಂದರು. ಬರುತ್ತದೆ ಎಂದೆ. ಕಂಬದ ಸಮೇತ ಎರಡು ಪ್ರಿಂಟ್ ಹಾಕಿಸಿ, ಒಂದನ್ನು ಅರಕಲಗೂಡಿಗೂ ಒಂದನ್ನು ನುಗ್ಗೇಹಳ್ಳಿಗೂ ಕೊಟ್ಟು ಬಂದೆ.