ಕೆಂಪು ಚೀಟಿಯ ಪ್ರತಿ

ನನ್ನ ಹೆಂಡತಿ ಇಪ್ಪತ್ತಾರು ವರ್ಷದಿಂದ ಗ್ರಂಥಾಲಯದ ವಿಚಾರಣೆ ಮೇಜಿನಲ್ಲಿ ಕೂತವಳು. ಓದುಗರು ಬಾಯಿ ತೆರೆಯುವುದರೊಳಗೆ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಹೇಳುತ್ತಾಳೆ. ಹೊಸ ಮುಖ್ಯಸ್ಥರಿಗೆ ಅದು ಸಾಲದು. "ಶುಕ್ರವಾರ ಕಂಪ್ಯೂಟರಲ್ಲಿ ಹುಡುಕಿ ತೋರಿಸಿ. ಇಲ್ಲಾಂದ್ರೆ ಮೇಜು ಬೇರೆಯವ್ರಿಗೆ, ನೀವು ಬೈಂಡಿಂಗ್ ಕೋಣೆಗೆ" ಎಂದುಬಿಟ್ಟರು.

ಹಟಮಾರಿ ಹೆಂಗಸು. ಗ್ರಂಥಾಲಯದಲ್ಲಿ ಕೊಟ್ಟ ಕಂಪ್ಯೂಟರ್ ಕೈಪಿಡಿಯಲ್ಲಿ ಪುಸ್ತಕ ಹುಡುಕುವ ಮಾದರಿ ಪ್ರೋಗ್ರಾಮೊಂದಿತ್ತು, ಅದನ್ನು ಊಟದ ಮೇಜಿನ ಮೇಲೆ ತಾನೇ ಕಟ್ಟಲು ಕೂತಳು. ಕಪ್ಪು ಪರದೆಯಲ್ಲಿ ಪ್ರಶ್ನೆ ಟೈಪು ಮಾಡಿದರೆ, ಯಾವುದು ಬೇಕು ಯಾವುದು ಬೇಡ ಎಂದು ಅದು ಬಿಡಿಸಿಕೊಂಡು ಪುಸ್ತಕ ಹುಡುಕಬೇಕು. "ಜೇನು ಬೇಕು, ಕತೆ ಬೇಡ" ಎಂದು ಕೇಳಿದಳು. ಕತೆಪುಸ್ತಕಗಳೇ ದಂಡಿಯಾಗಿ ಬಂದವು. ಪ್ರೋಗ್ರಾಮನ್ನು ತಿದ್ದಿದಳು, ಮತ್ತೆ ಓಡಿಸಿದಳು. ಮತ್ತೆ ಅದೇ ರಾಗ. ಮೂರು ದಿನ ಇದೇ ಆಗಿ ನನಗೂ ತಲೆ ಚಿಟ್ಟು ಹಿಡಿಯಿತು.

"ತಿದ್ದಿದ್ದೆಲ್ಲ ಎಲ್ಲಿಗೆ ಹೋಗ್ತಿದೆಯೇ?"

"ಹಳೇದು ಕೆಡಬಾರ್ದು ಅಂತ ಇನ್ನೊಂದು ಪ್ರತಿ ಮಾಡಿ, ಅದನ್ನ ತಿದ್ತೀನಿ ಕಣ್ರೀ."

"ಓಡಿಸೋದು ಯಾವುದನ್ನ?"

ಅವಳು ಬಗ್ಗಿ ಪರದೆಯ ಮೇಲಿನ ಹೆಸರು ನೋಡಿದಳು: ಹಳೆಯ ಪ್ರತಿ. ನಾನು ದರ್ಜಿ, ನನಗೆ ತಿಳಿದದ್ದನ್ನು ಹೇಳಿದೆ. "ಒಂದು ಅಂಗಿ ಸಡಿಲ ಮಾಡಿ, ಇನ್ನೊಂದು ಹಾಕ್ಕೊಂಡು ಬಿಗಿ ಅಂತ ಗೋಳಾಡ್ತಿದ್ದೀಯ."

ತಿದ್ದಿದ ಪ್ರತಿಯನ್ನು ಓಡಿಸಿದಳು. ಜೇನು ಸಾಕಣೆಯ ಎರಡೇ ಪುಸ್ತಕ, ಕತೆ ಒಂದೂ ಇಲ್ಲ! ಕೂಡಲೇ ಅದನ್ನು ಪೆನ್‌ಡ್ರೈವಿಗೆ ಹಾಕಿ, ಮೇಲೊಂದು ಕೆಂಪು ಚೀಟಿ ಅಂಟಿಸಿದಳು. ಹಳೆಯದು ಇನ್ನೊಂದು ಪೆನ್‌ಡ್ರೈವಿನಲ್ಲಿತ್ತು. ಅದನ್ನೂ ಬಿಸಾಡದೆ ಎರಡನ್ನೂ ಬೀರುವಿನಲ್ಲಿಟ್ಟಳು.

ಶುಕ್ರವಾರ ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಮುಖ್ಯಸ್ಥರ ಎದುರು ಮತ್ತೆ ಕತೆಪುಸ್ತಕಗಳೇ ಬಂದಿದ್ದವಂತೆ. ನಾನು ಬೀರು ತೆಗೆದು ನೋಡಿದೆ. ಕೆಂಪು ಚೀಟಿಯ ಪೆನ್‌ಡ್ರೈವು ಅಲ್ಲೇ ಇತ್ತು. ಚೀಟಿಯ ಮೇಲೆ ಅವಳದೇ ದುಂಡಕ್ಷರ: 'ಹೊರಗೆ ಕೊಡತಕ್ಕದ್ದಲ್ಲ.'

"ಗ್ರಂಥಾಲಯದಲ್ಲಿ ಕೆಂಪು ಚೀಟಿ ಹಚ್ಚಿದ ಒಳ್ಳೇ ಪ್ರತಿ ಹೊರಗೆ ಕೊಟ್ಟು ಅಭ್ಯಾಸ ಇಲ್ಲ ಕಣ್ರೀ. ಕೈ ತಾನಾಗೇ ಚೀಟಿ ಇಲ್ಲದ್ದನ್ನ ತಗೊಳ್ತು."

"ನಾಳೆ ತೋರಿಸ್ತೀನಿ ಅನ್ನೋದಲ್ವಾ?"

"ಅಂದೆ. ಅಷ್ಟರಲ್ಲಿ ಮೇಜಿಗೆ ಬೇರೆಯವ್ರ ಹೆಸರು ಬರೆದಾಗಿತ್ತು."

ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲೋ, ಆ ಮುಖ್ಯಸ್ಥರ ಮೇಲೋ, ಹೇಳಲಾರೆ. ಅವಳು ಕಂಪ್ಯೂಟರ್ ಹಚ್ಚಿ, ಕೆಂಪು ಚೀಟಿಯ ಪೆನ್‌ಡ್ರೈವು ಸಿಕ್ಕಿಸಿ ಅದೇ ಪ್ರಶ್ನೆ ಕೇಳಿದಳು. ಎರಡು ಪುಸ್ತಕ ತಟ್ಟನೆ ಬಂದವು. "ನೋಡ್ರೀ, ಎಷ್ಟು ಸರಿಯಾಗಿ ಹೇಳ್ತಿದೆ" ಎಂದಳು.

ಸೋಮವಾರ ಬೈಂಡಿಂಗ್ ಕೋಣೆಗೆ ಹೊರಡುವಾಗ ನನ್ನ ಡಬ್ಬಿಯಿಂದ ಒಂದು ದಪ್ಪ ಸೂಜಿ ಕೇಳಿದಳು. ಇದ್ದುದರಲ್ಲಿ ಒಳ್ಳೆಯದನ್ನೇ ಹುಡುಕಿ ಕೊಟ್ಟೆ.